ಐದು ವೋಲ್ಟು

ಪೀಣ್ಯ ಎರಡನೇ ಹಂತ, ನಾಲ್ಕನೇ ಅಡ್ಡರಸ್ತೆ.
ಕೆಳಗೆ ಲೇತಿನವರು ಶಟರ್ ಎಳೆದು ಹೋದರು.
ಮೇಲೆ ನಾನು, ನೀಲಿ ಪರದೆ,
ತೂಕದ ಯಂತ್ರದ ಹೊಟ್ಟೆಯಿಂದ ತೆಗೆದ
ಅಂಗೈಯಗಲದ ಹಸಿರು ಹಲಗೆ.

ಮಾರ್ಕೆಟ್ಟಿನ ಹೂವಿನ ಸಾಲಿಗೆ ಹೋಗಬೇಕಾದದ್ದು ಇದು.
ಸೇವಂತಿಗೆ ತೂಗಬೇಕು, ಚೀಟಿ ಕೊಡಬೇಕು, ಅಷ್ಟೇ.
ತೂಗುವುದು ಬಂದಿದೆ.
ಚೀಟಿಯ ಪ್ರಿಂಟರು ಯುಎಸ್‌ಬಿ ತಂತಿಗೆ ಜೋತುಬಿದ್ದು
ಯಾರೂ ಮಾತಾಡಿಸದ ನೆಂಟನ ಹಾಗೆ
ಮೂರು ದಿನದಿಂದ ಕೂತಿದೆ.

ಕರ್ನಲ್‌ಗೆ ಸಿಕ್ಕ ಜಾಗ ಎರಡೇ ಎಂಬಿ.
ಅಂದರೆ ಇಪ್ಪತ್ತು ಮೂವತ್ತರ ಸೈಟು:
ಮೆಟ್ಟಿಲನ್ನು ರಸ್ತೆಗೆ ಚಾಚದೆ
ಒಳಗೇ ಎಲ್ಲ ಮುಗಿಸಬೇಕು.
ಒಂದೊಂದೇ ಸಾಲಿಗೆ ಇಳಿದು ಎನ್ ಒತ್ತಿದೆ.
ಕ್ಯಾಮೆರಾಗೆ ಎನ್. ಹಾಡಿಗೆ ಎನ್.
ಜಾಯ್‌ಸ್ಟಿಕ್ಕಿಗೆ ಎನ್, ಹೂವಿನಂಗಡಿಯಲ್ಲಿ ಯಾರು ವಿಮಾನ ಹಾರಿಸುತ್ತಾರೆ?
ಯಾವ ಕಾಲದ್ದೋ ಮೋಡೆಮ್ಮು, ಯಾರೋ ಬಿಟ್ಟುಹೋದ ಸ್ಕ್ಯಾನರು,
ಬಾಡಿಗೆ ಕೊಡದೆ ಕೂತವರನ್ನು ಎಬ್ಬಿಸಿದ ಹಾಗೆ.
ಎಬ್ಬಿಸುವುದರಲ್ಲೂ ಒಂದು ಖುಷಿ ಇದೆ,
ಸುಳ್ಳು ಯಾಕೆ ಹೇಳಲಿ.

ಈ ಹಲಗೆ ನೆಂಟನೂ ಆಗಬಲ್ಲದು, ಮನೆಯವನೂ ಆಗಬಲ್ಲದು.
ಮನೆಯವನಾಗು ಅಂದೆ.
ಪ್ರಿಂಟರಿಗೆ ವೈ ಕೊಟ್ಟೆ, ಎಂ ಅಲ್ಲ.
ಕರೆದರೆ ಬರುತ್ತೇನೆ ಅನ್ನುವವರನ್ನು ನಂಬಿ
ಬೆಳಗಿನ ನಾಲ್ಕು ಗಂಟೆಗೆ ವ್ಯಾಪಾರ ಮಾಡಲಾಗುವುದಿಲ್ಲ.

ಹೊಸಬರು ಬಂದಾಗ ಕರ್ನಲ್ ಕೇಳುವ ಕ್ರಮ ನನಗಿಷ್ಟ.
ಮೊದಲು ಸೊನ್ನೆ ನಂಬರಿನ ಬಾಗಿಲಲ್ಲಿ ನಿಲ್ಲಿಸಿ
ಎರಡು ಮಾತು ಕೇಳುತ್ತದೆ. ಕೂಡಲೇ ಒಂದು ನಂಬರು ಕೊಡುತ್ತದೆ.
ಉಳಿದದ್ದೆಲ್ಲ ಒಳಗೆ ಬಂದ ಮೇಲೆ:
ನಿನ್ನನ್ನು ಮಾಡಿದವರು ಯಾರು, ಏನು ಕೆಲಸ ಬರುತ್ತೆ,
ಎಷ್ಟು ಮಿಲಿಆಂಪ್ ಉಣ್ಣುತ್ತೀಯ.
ದಾಸರಹಳ್ಳಿಯಲ್ಲಿ ಮನೆ ಹುಡುಕಿದ ವರ್ಷ
ಹನ್ನೊಂದು ಬಾಗಿಲಲ್ಲಿ ನಿಂತಿದ್ದೇನೆ ನಾನು.
ಅಲ್ಲಿ ಮೊದಲನೇ ಪ್ರಶ್ನೆಯೇ ಬೇರೆ.
ಅದನ್ನು ಬಿಡಿ.

ಈಗ ಪ್ರಶ್ನೆಯೇ ಇಲ್ಲ, ಅದೇ ಕಷ್ಟ.
ಬೂಟ್ ಆಗುತ್ತದೆ, ಅಕ್ಷರ ಸರಸರ ಇಳಿಯುತ್ತವೆ,
ಯುಎಸ್‌ಬಿಯ ಕಡೆಯಿಂದ ಮಾತ್ರ ಉಸಿರಿಲ್ಲ.
ಎರರ್ ಬಂದಿದ್ದರೆ ಬಾಲ ಹಿಡಿದು ಎಳೆಯಬಹುದಿತ್ತು.
ಬೈದಿದ್ದರೂ ಸಾಕಿತ್ತು.
ಕೇಬಲ್ ಬದಲಿಸಿದೆ, ಎಸ್.ಪಿ. ರೋಡಿನ ನಲವತ್ತು ರೂಪಾಯಿಯದು,
ಆಮೇಲೆ ನೂರಿಪ್ಪತ್ತರದು.

ಓವರ್‌ಟೈಮ್ ಮುಗಿಸಿದ ಗಂಗಹನುಮಕ್ಕ
ಡಬ್ಬಿ ತೊಳೆದುಕೊಂಡು ಬಂದಳು.
ಸೋಲ್ಡರಿಂಗ್ ಬೆಂಚಿನಲ್ಲಿ ಹತ್ತೊಂಬತ್ತು ವರ್ಷ,
ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿದ್ದಾಳೆ.
ನೀಲಿ ಪರದೆಯನ್ನು ನೋಡಲೂ ಇಲ್ಲ.
ಮೀಟರಿನ ಎರಡು ಮೊನೆ ಸಾಕೆಟ್ಟಿಗೆ ತಾಗಿಸಿ
"ಮೇಡಂ, ಇದಕ್ಕೆ ಊಟಾನೇ ಬಡಿಸಿಲ್ವಲ್ಲ" ಅಂದಳು.
ಐದು ಇರಬೇಕಾದಲ್ಲಿ ಸೊನ್ನೆ.

ಆಗ ನೆನಪಾಯಿತು.
ಸೋಮವಾರ, ಜಾಗ ಸಾಲದೆ,
ಯುಎಸ್‌ಬಿಯ ಪುಟದಲ್ಲಲ್ಲ, ಎಲ್ಲೋ ಹಿತ್ತಲಿನ ಪುಟದಲ್ಲಿ
ರೆಗ್ಯುಲೇಟರ್ ಅನ್ನುವ ಒಂದು ಸಾಲು.
ಇದು ಯಾರಿಗೆ ಬೇಕು ಅಂದುಕೊಂಡು ಎನ್ ಒತ್ತಿದ್ದೆ.
ಐದು ವೋಲ್ಟಿನ ಬಾಗಿಲು ತೆಗೆಯುವವನೇ ಅವನು.
ಅವನು ಬಂದಮೇಲೆ ನಮ್ಮ ಕೆಲಸ ಅಂತ
ಉಳಿದವರೆಲ್ಲ ಸದ್ದು ಮಾಡದೆ ಕಾಯುತ್ತಿದ್ದರು,
ಮೂರು ದಿನದಿಂದ, ನನ್ನ ಕಣ್ಣೆದುರೇ.

ಅವನಿಗೆ ವೈ.
ಆರು ಕೆಬಿ ಕೂಡ ತಿನ್ನಲಿಲ್ಲ ಪಾಪ.
ಮತ್ತೆ ಕಟ್ಟಲು ಹನ್ನೆರಡು ನಿಮಿಷ;
ಅಷ್ಟರಲ್ಲಿ ಅವಳ ಎಂಟೂಕಾಲಿನ ಬಸ್ಸು ಜಾಲಹಳ್ಳಿ ಕ್ರಾಸು ದಾಟಿತ್ತು.
"ಹೋಗ್ಲಿ, ಒಂಬತ್ತಕ್ಕೆ ಇನ್ನೊಂದೈತೆ."

ಪ್ರಿಂಟರಿನ ದೀಪ ಹತ್ತಿತು.
ಹೊಸಬರು ಬಂದಿದ್ದಾರೆ, ನಂಬರು ಎರಡು, ಎಂದಿತು ಪರದೆ.
ತೂಗಲು ಹೂವಿರಲಿಲ್ಲ.
ತಟ್ಟೆಯ ಮೇಲೆ ಅವಳು ತನ್ನ ಊಟದ ಡಬ್ಬಿ ಇಟ್ಟಳು.
ಕರಕರ ಅಂತ ಹೊರಬಂತು ಚೀಟಿ:
ಸೇವಂತಿಗೆ, ನಾನ್ನೂರ ಹತ್ತು ಗ್ರಾಂ.

ಹರಿದುಕೊಂಡು, ಬೆಳಕಿಗೆ ಹಿಡಿದು ಓದಿ,
"ರೇಟೇ ಬಂದಿಲ್ಲ ಮೇಡಂ" ಅಂದಳು.
ನಾಳೆ, ಅಂದೆ.