ಪಾದ್ರ್ಯಾಬರ ಚೀಟಿ

ಹಡಗಿನಲ್ಲಿ ಬಂದ ಪೆಟ್ಟಿಗೆಗೆ ಬೀಗವಿರಲಿಲ್ಲ,
ಸಣಬಿನ ಹಗ್ಗ ಬಿಗಿದಿತ್ತು, ಅಷ್ಟೆ.
ಬೋಳಾರದ ಗುಡ್ಡೆ ಹತ್ತಿಸಿದ್ದು ನನ್ನ ಸೋದರಮಾವ,
ಹಂಚಿನ ಕಾರ್ಖಾನೆಯ ಕೈಗಾಡಿಯಲ್ಲಿ.
"ಬಂಗಾರವಾ ಪಾದ್ರ್ಯಾಬರೇ, ಇಷ್ಟು ಭಾರ?"
"ಕಾಗದ ಮಾರಾಯ. ಇಪ್ಪತ್ತೆರಡು ವರ್ಷದ ಕಾಗದ."

ಫಾದರ್ ಬೊನವೆಂತೂರ ಹುಟ್ಟಿದ್ದು ಇಲ್ಲೇ,
ನೇತ್ರಾವತಿಯ ಆಚೆ ದಡದಲ್ಲಿ.
ಮೀಸೆ ಮೂಡುವ ಮುಂಚೆ ಚೀನಕ್ಕೆ ಹೋದವರು
ಅಲ್ಲಿಯವರು ಸಾಕು ಹೋಗಿ ಅಂದಾಗ ತಿರುಗಿ ಬಂದರು:
ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ,
ಕೊಂಕಣಿಯಲ್ಲಿ ಎಡವುವ ನಾಲಗೆ.
ದೇವರ ಪುಸ್ತಕ ಅರ್ಧ ಚೀನೀ ಆಗಿತ್ತು.
ಇನ್ನರ್ಧ ಇಲ್ಲಿ,
ಬಾವಿಕಟ್ಟೆ ಕಾಣುವ ಕಿಟಕಿಯಲ್ಲಿ,
ಓದಬಲ್ಲವರು ಒಬ್ಬರೂ ಇಲ್ಲದ ಊರಲ್ಲಿ.

ಅಮ್ಮ ಅಲ್ಲಿ ಗಂಜಿ ಬೇಯಿಸುತ್ತಿದ್ದಳು,
ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು.
ನಾನು ಶಾಯಿ ಅರೆಯುವವ:
ಕಪ್ಪು ಕಡ್ಡಿ, ಕಲ್ಲಿನ ಬಟ್ಟಲು, ನಾಲ್ಕು ಹನಿ ನೀರು.
ಒಂದು ಪದಕ್ಕೆ ವಾರ ಹಿಡಿಯುವುದೂ ಇತ್ತು.
ಕುರಿಮರಿ ಸುಲಭ ಅಂತೆ. ಅಂಜೂರ ಕಷ್ಟ.
ಕೃಪೆಗೆ ಒಂಬತ್ತು ಚೀಟಿ ಬರೆದು
ಒಂಬತ್ತನ್ನೂ ನಮ್ಮ ಒಲೆಗೆ ಕೊಟ್ಟರು.
ಆ ದಿನ ಗಂಜಿ ಬೇಗ ಬೆಂತು, ಅಂದಳು ಅಮ್ಮ.

ಕಿಟಕಿಯಿಂದ ಕೂಗುತ್ತಿದ್ದರು,
"ದೇಯೀ, ನಿನ್ನ ಕೆಮ್ಮು ನನ್ನ ಸಾಲು ಮುರಿಯುತ್ತದೆ!"
ಆಮೇಲೆ ಕೊಡೆ ಹಿಡಿದು ತಾವೇ ಪೇಟೆಗೆ ಹೊರಡುವರು,
ಚೌಕಾಸಿ ಬಾರದು, ಎಲ್ಲರಿಂದಲೂ ಮೋಸ ಹೋಗಿ
ಖುಷಿಯಲ್ಲೇ ಬರುವರು.

ನನಗೆ ಎರಡು ಅಕ್ಷರ ಕಲಿಸಿದರು.
ಮನುಷ್ಯನ ಪಕ್ಕ ಮಾತು ನಿಂತರೆ ನಂಬಿಕೆ.
ಮನುಷ್ಯ ಮರಕ್ಕೆ ಒರಗಿದರೆ ವಿಶ್ರಾಂತಿ.
"ಮನುಷ್ಯನ ಪಕ್ಕ ಬೀಡಿ?"
"ಅದು ನಿನ್ನ ಅಮ್ಮ."

ಗಡಿಯಲ್ಲಿ ಯುದ್ಧ ಶುರುವಾದ ವರ್ಷ
ಪೋಲೀಸರು ಬಂದರು, ಇಬ್ಬರು, ಸೈಕಲ್ಲು ನೂಕಿಕೊಂಡು.
ಈ ಅಕ್ಷರ ಇಲ್ಲಿ ಯಾಕೆ, ಯಾರಿಗೆ, ಎಷ್ಟು ದುಡ್ಡಿಗೆ?
ಪಾದ್ರ್ಯಾಬರು ನಿಂತಲ್ಲೇ ಒಂದು ಪುಟ
ತುಳುವಿಗೆ ತಿರುಗಿಸಿ ಹೇಳಿದರು:
ಕಳೆದ ಒಂದು ಪಾವಲಿಗೆ ದೀಪ ಹಚ್ಚಿ
ಮನೆಯೆಲ್ಲ ಗುಡಿಸಿದ ಹೆಂಗಸಿನ ಕತೆ.
ದಫೇದಾರ ಸಂಕಪ್ಪ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.
"ನಮ್ಮ ಅಜ್ಜಿಯೂ ಹೀಗೇ" ಅಂದ.
ಆದರೂ ಆರ್ಡರ್ ಆರ್ಡರೇ. ನಲವತ್ತೊಂದು ಹಾಳೆ,
ಆ ಹೆಂಗಸೂ ಸೇರಿ,
ಕ್ಯಾರಿಯರಿನಲ್ಲಿ ಗುಡ್ಡೆ ಇಳಿದು ಹೋದವು.
ರಸೀದಿ ಕೊಟ್ಟರು. ಹಾಳೆ ಮರಳಲಿಲ್ಲ.

ಮತ್ತೆ ಬರೆದರು. ಎರಡು ಮಳೆಗಾಲ.
"ಮೊದಲಿನದೇ ಚೆನ್ನಾಗಿತ್ತಾ?" ಕೇಳಿದೆ.
"ಠಾಣೆಯ ಗೆದ್ದಲನ್ನು ಕೇಳು. ಎರಡನ್ನೂ ಬಲ್ಲವರು
ಬೇರೆ ಯಾರೂ ಇಲ್ಲ. ನನಗೇ ಮೊದಲಿನದು ಮರೆತಿದೆ."

ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ಎಲ್ಲಿಗೋ ಹೋಯಿತು,
ಹಾಂಗ್‌ಕಾಂಗಿಗೆ ಅಂದರು ಒಬ್ಬರು, ರೋಮಿಗೆ ಅಂದರು ಇನ್ನೊಬ್ಬರು.
ಅಚ್ಚಾಯಿತೋ ಇಲ್ಲವೋ.
ಉಳಿದದ್ದು ಒಂದೇ ಚೀಟಿ, ಅಮ್ಮನ ಬೀಡಿ ತಡ್ಪೆಯ ತಳದಲ್ಲಿ.
ದೇವರ ಮಾತು ಅಂತ ಅಮ್ಮ ಅದನ್ನು
ಕ್ಯಾಲೆಂಡರಿನ ಲಕ್ಷ್ಮಿಯ ಹಿಂದೆ ಸಿಕ್ಕಿಸಿದಳು,
ಲಕ್ಷ್ಮಿಗೆ ಇಟ್ಟ ಮಲ್ಲಿಗೆಯಲ್ಲಿ
ಅದಕ್ಕೂ ಒಂದು ಎಸಳು.

ನಾನು ಪಣಂಬೂರಿನಲ್ಲಿ ಕ್ರೇನ್ ನಡೆಸುವ ಕಾಲಕ್ಕೆ
ಚೀನದ ಹಡಗಿನ ಅಡುಗೆಯವನೊಬ್ಬನಿಗೆ ತೋರಿಸಿದೆ.
ಓದಿದ. ತಿರುಗಿಸಿ ಬೆನ್ನು ನೋಡಿದ. ಮತ್ತೆ ಓದಿದ.
ಮುರುಕು ಇಂಗ್ಲಿಷು, ಮಿಕ್ಕದ್ದು ಕೈಸನ್ನೆ:
ಉಪ್ಪು. ಮೇಣದ ಬತ್ತಿ. ಸೀಮೆಎಣ್ಣೆ ಎರಡು ಬಾಟ್ಲಿ.
ಗೋಂದು.
ಕೆಮ್ಮಿನ ಔಷಧಿ,
ಅದರ ಮುಂದೆ ಎರಡು ಅಕ್ಷರ. ಅರ್ಥವಿಲ್ಲ, ಬರೀ ಸದ್ದು ಅಂದ,
ನನ್ನ ಮುಖ ನೋಡುತ್ತ ಎರಡು ಸಲ ಸದ್ದು ಮಾಡಿದ:
ತೇ. ಯೀ.

ಸಂಜೆ ಚೀಟಿಯನ್ನು ಲಕ್ಷ್ಮಿಯ ಹಿಂದೆ ಇಟ್ಟೆ.
"ಏನಂತೆ?" ಅಂದಳು ಅಮ್ಮ, ಎಲೆ ಕತ್ತರಿಸುತ್ತಾ.
"ದೇವರದ್ದೇ" ಅಂದೆ.
"ನನಗೆ ಗೊತ್ತುಂಟು" ಅಂದು
ಕೆಮ್ಮಿದಳು.