ಇಪ್ಪತ್ತಕ್ಕೆ ಹನ್ನೆರಡು

ಏಡಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ನೇರ ಶಾಲೆಗೇ ಬಂದೆ, ಹೈನ್ಸ್ ಸಾರ್.
ಕೈ ಮೂರು ಸಲ ತೊಳೆದೆ, ವಾಸನೆ ಹೋಗಿಲ್ಲ.
ನೀವು ಕೊಟ್ಟ ಕುರ್ಚಿ ಏಳು ವರ್ಷದವರದು;
ಮೊಣಕಾಲು ಗದ್ದಕ್ಕೆ ತಾಗುತ್ತದೆ.
ಗನ್ನರ್ಸ್ ಕೋವ್‌ನಲ್ಲಿ ದೂರು ತರುವ ಹೆಂಗಸಿಗೆ
ಹಾಕುವ ಕುರ್ಚಿ ಇದೇ ಇರಬೇಕು.

ಕಳೆದ ತಿಂಗಳು ನೀವಂದಿರಿ:
ಹೆತ್ತವರಿಗೆ ಹೆಗ್ಗಣ ಮುದ್ದು, ಫಿಲೊಮಿನಾ.
ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ
ಎಲ್ಲರೂ ಸಮವಾಗುತ್ತಾರೆ.
ಸಮ.
ಆ ಮಾತನ್ನು ಬೆಲ್ಟಿನ ಮುಂದೆ ನಿಂತು
ರಾತ್ರಿಯಿಡೀ ಅಗಿದಿದ್ದೇನೆ.
ನನ್ನ ಕಸುಬೇ ಅದಲ್ಲವೇ, ವಿಂಗಡಿಸುವುದು:
ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ,
ಡಬ್ಬಿಗೆ ಹಿಡಿಸದ ಕಾಲನ್ನು ಮುರಿಯುತ್ತೇವೆ.
ಡಬ್ಬಿಯನ್ನು ಯಾರೂ ದೂರಿದ್ದಿಲ್ಲ.

ಡರ್ಮಟ್ ನಾಲ್ಕು ನಿಮಿಷಕ್ಕೆ ಲೆಕ್ಕ ಮುಗಿಸುತ್ತಿದ್ದ.
ಮುಗಿಸಿದವರಿಗೆ ಬಣ್ಣ ತುಂಬಲು ಒಂದು ಬಾತುಕೋಳಿ.
ಅರವತ್ತೊಂದು ಬಾತುಕೋಳಿಗಳಿವೆ
ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ.
ಮೊದಮೊದಲು ಹಳದಿ. ಆಮೇಲೆ ಹಸಿರು, ನೇರಳೆ.
ಕೊನೆಯ ಹತ್ತು ಪೂರ್ತಿ ಕಪ್ಪು,
ಕಾಗದ ಹರಿಯುವಷ್ಟು ಒತ್ತಿ ತುಂಬಿದ ಕಪ್ಪು.

ಈಸ್ಟರ್ ಕಳೆದ ಮೇಲೆ ಬಾತುಕೋಳಿ ನಿಂತವು.
ಅಂಕವೂ ಇಳಿಯಿತು. ಇಪ್ಪತ್ತಕ್ಕೆ ಹನ್ನೆರಡು.
ಮರುವಾರ, ಇಪ್ಪತ್ತಕ್ಕೆ ಹನ್ನೆರಡು.
ಅದರ ಮರುವಾರವೂ.
'ನೋಡಿ, ಸಮವಾಗುತ್ತಿದ್ದಾನೆ' ಎಂದು
ಚೀಟಿ ಕಳಿಸಿದಿರಿ. ದಯೆಯಿಂದಲೇ ಕಳಿಸಿದಿರಿ.

ಫ್ರಿಜ್ಜಿಗೆ ಅಂಟಿಸಿದ ಉಬ್ಬರವಿಳಿತದ ಪಟ್ಟಿ
ನಮ್ಮ ಕೊಲ್ಲಿಗೆ ಹನ್ನೊಂದು ನಿಮಿಷ ತಪ್ಪೆಂದು
ಪೆನ್ಸಿಲಿನಲ್ಲಿ ತಿದ್ದಿಟ್ಟ ಹುಡುಗ ಅವನು.
ನನ್ನಣ್ಣ ಈಗ ದೋಣಿ ಇಳಿಸುವುದು
ಅಚ್ಚಾದ ಅಕ್ಷರ ನಂಬಿ ಅಲ್ಲ, ಆ ಪೆನ್ಸಿಲ್ ನಂಬಿ.
ಅಂಥವನು ಏಳಕ್ಕೆ ಎಂಟು ಕೂಡಿಸಿ
ಹದಿನಾಲ್ಕು ಬರೆಯುತ್ತಾನೆಯೇ?

ಭಾನುವಾರ ಆರೂ ಹಾಳೆಗಳನ್ನು
ಮೇಜಿನ ಮೇಲೆ ಸಾಲಾಗಿ ಹರಡಿದೆ.
ಎಂಟನೇ ಕ್ಲಾಸಿಗೆ ಬಿಟ್ಟವಳು ನಾನು,
ಸಂಬಳದ ಚೀಟಿಯಾಚೆ ಗಣಿತ ಬಾರದು.
ಆದರೆ ಕಣ್ಣು ವಿಂಗಡಿಸಿ ಪಳಗಿದ್ದು.
ಕೆಂಪು ಸುತ್ತುಗಳು ಆರು ಹಾಳೆಯಲ್ಲೂ
ಅದೇ ಅದೇ ಲೆಕ್ಕದ ಮೇಲೆ:
ಎರಡು, ಮೂರು, ಐದು, ಏಳು,
ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು.

ಕೇಳಿದೆ. ಕೋಪದಿಂದಲ್ಲ. ಸರಿ, ಸ್ವಲ್ಪ ಕೋಪದಿಂದ.
ಬ್ರೆಡ್ಡು ಕಚ್ಚುತ್ತ ಹೇಳಿದ:
'ಅವು ಪಾಲಿಗೆ ಬಗ್ಗದ ಸಂಖ್ಯೆಗಳು, ಅಮ್ಮ.
ಹನ್ನೆರಡು ಬಿಸ್ಕತ್ತನ್ನು ಮೂವರಿಗೆ ಹಂಚಬಹುದು, ನಾಲ್ವರಿಗೂ.
ಹದಿಮೂರಾದರೆ ಹದಿಮೂರು ಜನ ಬರಬೇಕು,
ಇಲ್ಲ ಒಬ್ಬನೇ ಕೂತು ತಿನ್ನಬೇಕು.
ಅವನ್ನು ತಪ್ಪು ಮಾಡಿದರೆ
ಟೀಚರು ತಾವೇ ಸುತ್ತು ಹಾಕಿ ಕೊಡುತ್ತಾರೆ.
ಬಾತುಕೋಳಿಯೂ ಇಲ್ಲ.'

ಇಗೋ ಹಾಳೆಗಳು.
ಮಿಸೆಸ್ ಕೀಪಿಂಗ್, ನೀವೂ ನೋಡಿ, ಶಾಯಿ ನಿಮ್ಮದೇ.
ಹನ್ನೊಂದರ ಮೇಲೆ ನಿಮ್ಮ ಉಗುರು ನಿಂತದ್ದು ಕಂಡೆ.
ತಪ್ಪು ಹುಡುಕಲು ಬಂದವಳಲ್ಲ ನಾನು.
ಒಂದೇ ಕೋಣೆಯಲ್ಲಿ ಮೂರು ಕ್ಲಾಸು ನಡೆಸುವವರ ಸೊಂಟನೋವು
ನಿಂತು ದುಡಿಯುವವರಿಗೆ ಗೊತ್ತು.

ಪದಕ ಬೇಡ. ಪೇಪರಿನಲ್ಲಿ ಫೋಟೋ ಬೇಡ.
ಮೇಧಾವಿ ಎಂದು ಕರೆಯಲೇಬೇಡಿ,
ದೋಣಿಕಟ್ಟೆಯ ಹುಡುಗರು ಬಿಡುವುದಿಲ್ಲ ಅವನನ್ನು.
ಮುಗಿಸಿದವನನ್ನು ಮತ್ತೆ ಮೊದಲಿಗೇ ತಂದು ನಿಲ್ಲಿಸಬೇಡಿ, ಅಷ್ಟೇ.
ಬುಧವಾರ, ಶುಕ್ರವಾರ
ದೊಡ್ಡವರ ಗಣಿತದ ಕೋಣೆಯಲ್ಲೊಂದು ಕುರ್ಚಿ.
ಪೆನ್ಸಿಲು ಅವನೇ ತರುತ್ತಾನೆ.

'ಸೆಪ್ಟೆಂಬರಿಗೆ ನೋಡೋಣ' ಎನ್ನುತ್ತೀರಿ.
ಆ 'ನೋಡೋಣ' ನನಗೆ ಹಳೆಯ ಪರಿಚಯ, ಸಾರ್.
ಕೂಲಿ ಹೆಚ್ಚಿಸಿ ಎಂದಾಗಲೆಲ್ಲ
ಮ್ಯಾನೇಜರ ಬಾಯಿಂದ ಇಣುಕಿ ಒಳಗೆ ಹೋಗುತ್ತದೆ.
ಕಿಟಕಿಯಾಚೆ ನೋಡಿ, ಮೇ ತಿಂಗಳಾದರೂ
ಕೊಲ್ಲಿಯಲ್ಲಿ ಹಿಮಗಡ್ಡೆ ನಿಂತೇ ಇದೆ.
ನಾನೂ ನಿಂತಿರಬಲ್ಲೆ.
ಈ ಕುರ್ಚಿಯಲ್ಲಂತೂ ಕೂರಲಾಗದು.

ಬರೆದುಕೊಡಿ. ಎರಡು ಸಾಲು ಸಾಕು.
ಕೆಳಗೆ ತಾರೀಖು ಹಾಕಿ.
ಇವತ್ತು ಹದಿನೇಳು.
ಅವನಿಗೆ ಖುಷಿಯಾಗುತ್ತದೆ.