ಎಂದರೆ ಸರಿಯಲ್ಲ

ಕೋಲಾರದ ಕೋರ್ಟಿನಲ್ಲಿ ಹದಿನೇಳು ವರ್ಷದಿಂದ
ಬೇರೆಯವರ ಮಾತಿಗೆ ನಾನು ಬೆರಳು.
ಸಾಕ್ಷಿ ಹೇಳುತ್ತಾರೆ, ಸಾಹೇಬರು ಅದನ್ನು ನೆಟ್ಟಗೆ ಮಾಡಿ ಹೇಳುತ್ತಾರೆ,
ನಾನು ಟೈಪು ಮಾಡುತ್ತೇನೆ. ಅಳು ಟೈಪಾಗುವುದಿಲ್ಲ.
ಅಳುವಾಗ ಕೈ ಮಡಿಲಲ್ಲಿಟ್ಟು ಕಾಯಬೇಕು.

ಪ್ರಾಸಿಕ್ಯೂಷನ್ ಮೂರನೇ ಸಾಕ್ಷಿ ಗಂಗುಲಮ್ಮ,
ಗಂಡ ದಿವಂಗತ ಪೆದ್ದನ್ನ, ಕೂಲಿ, ಮರಸನಪಲ್ಲಿ ಕಾಲೋನಿ,
ಕಟಕಟೆಯ ಹೊರಗೇ ಚಪ್ಪಲಿ ಬಿಟ್ಟು ಹತ್ತಿದಳು.
ಹಾಕಿಕೊಳ್ಳಮ್ಮ, ಅಂದರು ಸರ್ಕಾರಿ ವಕೀಲ ತಿರುಮಳಪ್ಪ.
ಹಾಕಿಕೊಳ್ಳಲಿಲ್ಲ.
"ನಾ ಬಿಡ್ಡ" ಅಂದಳು. ಸುಮಾರು ಹೊತ್ತು ಮತ್ತೇನೂ ಅನ್ನಲಿಲ್ಲ.
ನಾನು ಹೊಡೆದೆ: ಮೃತ ಕದಿರಪ್ಪನು ನನ್ನ ಮಗ.

ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟು.
ಗುತ್ತಿಗೆ ಹಿಡಿದ ಅರ್ಧ ಎಕರೆ ಟೊಮ್ಯಾಟೊ,
ನೀರು ತಿರುಗಿಸಲು ಹೊರಟ ಹುಡುಗ,
ಸೊಣ್ಣೇಗೌಡರ ಮಾವಿನ ತೋಪಿನ ಬದು.
ಹಂದಿ ಬೆದರಿಸಲು ಲೈಸೆನ್ಸು ಪಡೆದ ಜೋಡುನಳಿಗೆ ಬಂದೂಕು.
ಒಂದೇ ನಳಿಗೆ ಸಾಕಾಯಿತು.

ಮಹಜರಿನಲ್ಲಿ ಹನ್ನೊಂದು ಹೆಜ್ಜೆ ದೂರ.
ಆರೋಪಿ ಪರ ಚೊಕ್ಕರೆಡ್ಡಿಯವರು, ಎಪ್ಪತ್ತರ ಮೆದು ದನಿಯವರು,
ಗೌನು ಎತ್ತಿ ಹಿಡಿದು, ಬಾಗಿಲಿಂದ ಮೇಜಿನ ತನಕ
ನಡೆದು ತೋರಿಸಿದರು: ನಾಲ್ಕು.
ಅವರ ಹೆಜ್ಜೆ ಉದ್ದ. ಅದು ದಾಖಲೆಗೆ ಬರುವುದಿಲ್ಲ.

ಪಾಟೀಸವಾಲಿನಲ್ಲಿ ತಾಯೀ ಅಂತಲೇ ಶುರು ಅವರದು.
ನನ್ನ ಮಗ ಕಾಯಿ ಕದಿಯಲು ಹೋಗಿದ್ದನು ಎಂದರೆ ಸರಿಯಲ್ಲ.
ಅವನ ಕೈಯಲ್ಲಿ ಮಚ್ಚಿತ್ತು ಎಂದರೆ ಸರಿಯಲ್ಲ.
ನಲ್ಲಿ ಜಗಳದಿಂದ ಗೌಡರ ಮೇಲೆ ಹಗೆಯಿತ್ತು ಎಂದರೆ ಸರಿಯಲ್ಲ.
ಪರಿಹಾರದ ಹಣಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದರೆ
ಇಲ್ಲಿ ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು.
ಸರಿಯಲ್ಲ, ಅಂತ ನಾನೇ ಹೊಡೆದೆ. ಕೈಗೆ ರೂಢಿ.

ಮುದ್ದೆಮಾಲು ನಾಲ್ಕು: ಒಂದು ಟಾರ್ಚು, ಗಾಜು ಒಡೆದದ್ದು.
ಇದೇನಾ ಸ್ವಾಮಿ ಮಚ್ಚು, ಅಂದರು ತಿರುಮಳಪ್ಪ.
ಟಾರ್ಚೇ ಇರಲಿ, ಅಂದರು ಚೊಕ್ಕರೆಡ್ಡಿ,
ಕಗ್ಗತ್ತಲಲ್ಲಿ ಕಣ್ಣಿಗೆ ಬೆಳಕು ಬಿಟ್ಟರೆ ಭಯವಾಗುತ್ತದೆ.
ಯಾರೆಂದು ಕಾಣದವನಿಗೆ ಭಯವಾಗುತ್ತದೆ.
ಕಾನೂನು ಕೇಳುವುದು ಇಷ್ಟೇ: ಆ ಭಯ ನಿಜವೇ?

ಕಾಣಲಿಲ್ಲವಾದರೆ, ಅಂದರು ತಿರುಮಳಪ್ಪ,
ಗುಂಡಿಗೆ ಮುಂಚೆ ಜಾತಿ ಹಿಡಿದು ಕೂಗಿದ್ದು ಹೇಗೆ?

ಫ್ಯಾನು ತಿರುಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

ಆ ಪದ ಕೇಳಿಸಿಕೊಂಡವನು ಒಬ್ಬನೇ,
ವಾಟರ್‌ಮ್ಯಾನ್ ಮುನೆಂಕಟಪ್ಪ. ಮಧ್ಯಾಹ್ನ ಕರೆದರು.
ಕೂಗು ಕೇಳಿಸಿತು ಸ್ವಾಮಿ, ಮಾತು ಕೇಳಿಸಲಿಲ್ಲ,
ಗಾಳಿ ಜೋರಿತ್ತು, ಅಂದ.
ಕಿಟಕಿಯಾಚೆ ಅಂತರಗಂಗೆ ಬೆಟ್ಟದ ಬಂಡೆಗಳನ್ನೇ ನೋಡುತ್ತ ಅಂದ.
ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲಾಯಿತು.
ಪೊಲೀಸರಿಗೆ ಅವನು ಕೊಟ್ಟ ಹೇಳಿಕೆಯನ್ನು
ತಿರುಮಳಪ್ಪ ಅಕ್ಷರ ಬಿಡದೆ ಓದಿದರು, ಆ ಪದವನ್ನೂ.
ಎಷ್ಟು ಸಲ ಯಾರ ಬಾಯಲ್ಲಿ ಕೇಳಿದ್ದರೋ, ದನಿ ನಡುಗಲಿಲ್ಲ.
ನಾನು ಹೊಡೆಯಬೇಕಾಯಿತು.
ನಮ್ಮಜ್ಜಿ ಅದನ್ನು ಬೈಗುಳವೆಂದೂ ಎಣಿಸದೆ
ಹಿತ್ತಲ ಬಾಗಿಲಲ್ಲಿ ನಿಂತು ದಿನಾ ಕರೆಯುತ್ತಿದ್ದ ಪದ.
ಬೆರಳಿಗೆ ಕಾಗುಣಿತ ಗೊತ್ತಿತ್ತು.
ಹಾಗೆ ಹೇಳಿಕೆ ಕೊಟ್ಟಿದ್ದೇನೆ ಎಂದರೆ ಸರಿಯಲ್ಲ, ಅಂದ ಮುನೆಂಕಟಪ್ಪ.

ಮುಂದಿನ ವಾಯಿದೆ ಇಪ್ಪತ್ತಾರಕ್ಕೆ.
ಜಗಲಿಯಲ್ಲಿ ಚೊಕ್ಕರೆಡ್ಡಿ ತಿರುಮಳಪ್ಪನ ಹೆಗಲು ತಟ್ಟಿ
ಚೆನ್ನಾಗಿ ಕೇಳಿದಿರಿ, ಅಂದರು. ನಿಜವಾಗಿಯೇ ಅಂದರು.
ತಿರುಮಳಪ್ಪ ನಕ್ಕು, ಕಾಫಿಗೆ ಹೋಗದೆ,
ಗಾಡಿಯ ಸೀಟಿನ ಮೇಲೆ ಫೈಲಿಟ್ಟು ದಾರ ಕಟ್ಟಿದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗಂಗುಲಮ್ಮ ಸಿಕ್ಕಳು,
ಶ್ರೀನಿವಾಸಪುರದ ಬಸ್ಸಿಗೆ ಕಾಯುತ್ತ.
ಅಂತಾ ರಾಸ್ಕುಂಟಿವಾ ತಲ್ಲೀ, ಅಂದಳು.
ಎಲ್ಲಾ ಬರಕೊಂಡೆ, ಅಂದೆ.
ತಲೆಯಾಡಿಸಿದಳು. ಬಸ್ಸು ಬಂತು, ಎದ್ದಳು, ಮತ್ತೆ ತಿರುಗಿ
ಆ ಟಾರ್ಚು ಯಾವಾಗ ಕೊಡ್ತಾರೆ, ಅಂದಳು,
ಅದು ನಮ್ಮದಲ್ಲ,
ಪಕ್ಕದ ಮನೆಯವರು ಕೇಳ್ತಾನೇ ಇದಾರೆ.